ಮಳೆಗಾಲದ ಚಳಿ: ದುಡ್ಡೆಲ್ಲ ನೀರು ಒಣಗಿಸುವುದಕ್ಕೇ ಹೋಗುತ್ತಿದೆ

ಪ್ರಶ್ನೆ: ನಮ್ಮದು ಮಡಿಕೇರಿ ಹತ್ತಿರ, ಗಾಳಿಬೀಡು ಕಡೆ. ಹಳೇ ಹೆಂಚಿನ ಮನೆ. ಪಕ್ಕದಲ್ಲಿ ಆರ್‌ಸಿಸಿ ಹಾಕಿ ಎರಡು ಕೋಣೆ ಸೇರಿಸಿದ್ದೇವೆ. ಮನೆಯಲ್ಲಿ ನಾಲ್ಕು ಜನ. ಮಾವನವರಿಗೆ 78 ವರ್ಷ, ಮಗಳು ಎರಡನೇ ಕ್ಲಾಸು. ಈ ಸಲ ಮಳೆಗಾಲದಲ್ಲಿ ಸೌದೆಗೇ ಎರಡು ಪಿಕಪ್ ಲೋಡ್ ಬೇಕಾಯಿತು, ಒಂದಕ್ಕೆ 4,500 ರೂಪಾಯಿ. ಗ್ಯಾಸ್ ಕೂಡ ಬೇಗ ಬೇಗ ಮುಗಿಯಿತು. ಬಟ್ಟೆ ಒಣಗಲಿ ಅಂತ ಸಂಜೆ ಮೂರು ಗಂಟೆ ರೂಮ್ ಹೀಟರ್ ಹಾಕುತ್ತಿದ್ದೆವು. ಒಂದು ತಿಂಗಳು 250 ಯೂನಿಟ್ ದಾಟಿ, ಗೃಹಜ್ಯೋತಿ ತಪ್ಪಿ ಪೂರ್ತಿ ಬಿಲ್ ಬಂತು. ಇಷ್ಟಾದರೂ ಮನೆ ಬೆಚ್ಚಗಾಗಲಿಲ್ಲ. ದೊಡ್ಡ ಹೀಟರ್ ತರಬೇಕಾ? ಗ್ಯಾಸ್ ಗೀಸರ್ ಹಾಕಿಸಬೇಕಾ? ಇಲ್ಲ ಸೋಲಾರ್ ಒಳ್ಳೆಯದಾ?

ಉತ್ತರ: ದೊಡ್ಡ ಹೀಟರ್ ಖಂಡಿತ ಬೇಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದಕ್ಕೆ ಸ್ವಲ್ಪ ಲೆಕ್ಕ ಹಾಕಬೇಕು.

ಜುಲೈ ತಿಂಗಳ ಮಡಿಕೇರಿಯಲ್ಲಿ ಥರ್ಮಾಮೀಟರ್ ನೋಡಿದ್ದೀರಾ? ಹಗಲು 20 ಡಿಗ್ರಿ ಆಸುಪಾಸು, ರಾತ್ರಿ ಅದಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ. ಜನವರಿ ರಾತ್ರಿ ಇದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಆದರೂ ಹುತ್ತರಿ ಸುಗ್ಗಿ ಹಬ್ಬ ಕಳೆದ ಮೇಲಿನ ಚಳಿ ಯಾರಿಗೂ ಅಷ್ಟು ಕಷ್ಟ ಅನ್ನಿಸುವುದಿಲ್ಲ. ಬೆಳಿಗ್ಗೆ ಅಂಗಳದಲ್ಲಿ ಬಿಸಿಲು ಕಾಯಿಸಿಕೊಂಡರೆ ಆಯಿತು. ಕಕ್ಕಡದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಮಳೆ ತಿಂಗಳಲ್ಲಿ ಮಾತ್ರ ಮೂಳೆಗೇ ಇಳಿದ ಹಾಗಿರುತ್ತದೆ. ಹಾಸಿಗೆ ತಣ್ಣಗೆ, ದಿಂಬು ತಣ್ಣಗೆ, ಬೀರುವಿನಲ್ಲಿಟ್ಟ ಸೀರೆಯೂ ತಣ್ಣಗೆ. ಅದು ತಂಪಲ್ಲ, ತೇವ. ಗಾಳಿಯೇ ನೀರು ಕುಡಿದು ನಿಂತಿರುತ್ತದೆ. ಆ ತೇವ ಬಟ್ಟೆ, ಗೋಡೆ, ಹಾಸಿಗೆ ಎಲ್ಲದಕ್ಕೂ ಹತ್ತುತ್ತದೆ. ಅದನ್ನು ಮುಟ್ಟಿದಾಗ ಮೈ ಶಾಖ ಅದಕ್ಕೆ ಹೋಗುತ್ತದೆ.

ಒಂದು ಅಂಕಿ ಮಾತ್ರ ನೆನಪಿಟ್ಟುಕೊಳ್ಳಿ. ಒಂದು ಲೀಟರ್ ನೀರನ್ನು ಆವಿ ಮಾಡಲು ಸುಮಾರು 0.7 ಯೂನಿಟ್ ಶಾಖ ಬೇಕು. ಒಂದು ಯೂನಿಟ್ ಅಂದರೆ 1,000 ವ್ಯಾಟ್ ಕಾಯಿಲ್ ಒಂದು ಗಂಟೆ ಉರಿದಷ್ಟು. ಸೌದೆಯಲ್ಲಿರುವ ನೀರಾಗಲಿ, ಚಡ್ಡಿ ಬನಿಯನ್‌ನಲ್ಲಿರುವ ನೀರಾಗಲಿ, ಗೋಡೆ ಹೀರಿದ ಮಳೆಯಾಗಲಿ, ಬೆಂಕಿ ಹಾಕಿ ಒಣಗಿಸಿದರೆ ಈ ದರ ಕೊಡಲೇಬೇಕು. ನಿಮ್ಮ ಖರ್ಚಿನ ಒಂದು ದೊಡ್ಡ ಪಾಲು ಇಲ್ಲೇ ಹೋಗಿದೆ ಅಂತ ನನ್ನ ಅಂದಾಜು.

ಸೌದೆಯಿಂದ ಶುರು ಮಾಡೋಣ. ನೀವು ಯಾವಾಗ ತರಿಸಿದಿರಿ ಅಂತ ಬರೆದಿಲ್ಲ. ಮೇ ಕೊನೆಯಲ್ಲೋ ಜೂನ್‌ನಲ್ಲೋ ಇರಬೇಕು, ಅಲ್ವಾ? ಆಗಲೇ ಸೌದೆ ಧಾರಾಳ ಸಿಗುವುದು. ಮಳೆಗೆ ಮುಂಚೆ ತೋಟಗಳಲ್ಲಿ ನೆರಳು ಬಿಡಿಸಲು ಮರ ಕಪಾತು ನಡೆಯುತ್ತದೆ. ಕಡಿದ ಕೊಂಬೆ, ಸಿಲ್ವರ್ (ಸಿಲ್ವರ್ ಓಕ್ ಮರ) ಎಲ್ಲ ಪಿಕಪ್ ಹತ್ತುತ್ತವೆ. ನೋಡಲು ಸೌದೆ, ಒಳಗೆ ಹಸಿ. ಹಸಿ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ.

ಒಂದು ಲೋಡ್‌ನಲ್ಲಿ 800 ಕಿಲೋ ಇತ್ತು ಅಂತ ಇಟ್ಟುಕೊಳ್ಳಿ. ಅದರಲ್ಲಿ 400 ಕಿಲೋ ನೀರು. ಅದನ್ನು ಆವಿ ಮಾಡಲು 280 ಯೂನಿಟ್ ಶಾಖ. ಒಂದು 14.2 ಕಿಲೋ ಗ್ಯಾಸ್ ಸಿಲಿಂಡರ್‌ನಲ್ಲಿರುವ ಶಾಖ ಹೆಚ್ಚು ಕಡಿಮೆ 180 ಯೂನಿಟ್. ಅಂದರೆ ಪ್ರತಿ ಲೋಡ್‌ನಲ್ಲೂ ಒಂದೂವರೆ ಸಿಲಿಂಡರ್ ಶಾಖ ಸೌದೆಯನ್ನೇ ಒಣಗಿಸಲು ಹೋಯಿತು. ಇದರ ಮೇಲೆ ಹೊಗೆ. ಹಸಿ ಸೌದೆ ಉರಿಯುವುದಿಲ್ಲ, ಕುದಿಯುತ್ತದೆ. ತುದಿಯಲ್ಲಿ ಬುಸುಬುಸು ನೊರೆ ಬರುತ್ತದಲ್ಲ, ಅದೇ. ಆ ಹೊಗೆ ಕೂಡ ಉರಿಯಬೇಕಾಗಿದ್ದ ಉರುವಲೇ. ಉರಿಯದೆ ಹೆಂಚಿನ ಸಂದಿಯಿಂದ ಹೊರಗೆ ಹೋಯಿತು.

ಇದಕ್ಕೆ ಮದ್ದು ಕ್ಯಾಲೆಂಡರ್‌ನಲ್ಲಿದೆ. ಮುಂದಿನ ಕಕ್ಕಡಕ್ಕೆ ಬೇಕಾದ ಸೌದೆಯನ್ನು ಡಿಸೆಂಬರ್, ಜನವರಿಯಲ್ಲೇ ತಂದು ಹಾಕಿ. ಕಾಫಿ ಕೊಯ್ಲಿನ ಗಲಾಟೆಯಲ್ಲಿ ಸೌದೆ ಯಾರಿಗೂ ನೆನಪಾಗುವುದಿಲ್ಲ, ಅದು ಗೊತ್ತು. ಆದರೆ ನಮ್ಮಲ್ಲಿ ಗಾಳಿ ಒಣಗಿರುವ ತಿಂಗಳು ಅವೇ. ತಂದ ಕೂಡಲೇ ಸೀಳಿಸಿ. ಉಂಡೆ ದಿಮ್ಮಿ ವರ್ಷವಾದರೂ ಒಳಗೆ ಒಣಗದು, ಮಣಿಕಟ್ಟಿನ ದಪ್ಪಕ್ಕೆ ಸೀಳಿದ್ದು ಏಪ್ರಿಲ್ ಹೊತ್ತಿಗೆ ಆಗುತ್ತದೆ. ನೆಲಕ್ಕೆ ತಾಗದ ಹಾಗೆ ಎರಡು ಅಡ್ಡ ಮರದ ಮೇಲೆ ಪೇರಿಸಿ. ಮೇಲೆ ಮಾತ್ರ ಶೀಟ್. ಟಾರ್ಪಾಲಿನಲ್ಲಿ ಪೂರ್ತಿ ಸುತ್ತಿ ಇಡುವವರನ್ನು ನೋಡಿದ್ದೇನೆ. ಒಳಗೆ ಅಣಬೆ ಬೆಳೆಯುತ್ತದೆ, ಅಷ್ಟೇ. ಬದಿಯಲ್ಲಿ ಗಾಳಿ ಆಡಬೇಕು. ಮೇನಲ್ಲಿ ಕಪಾತಿನ ಸೌದೆ ಅಗ್ಗಕ್ಕೆ ಸಿಕ್ಕರೆ ಬಿಡಬೇಡಿ, ತೆಗೆದುಕೊಳ್ಳಿ. ಆದರೆ ಅದು ಈ ವರ್ಷದ್ದಲ್ಲ, ಮುಂದಿನ ವರ್ಷದ್ದು. ಬೇರೆ ಪೇರಿಸಿ.

ಒಣಗಿದೆಯಾ ಇಲ್ಲವಾ ಅಂತ ತಿಳಿಯಲು ಎರಡು ತುಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದು ದಬ್ ಅನ್ನುತ್ತದೆ. ತುದಿಯಲ್ಲಿ ನಕ್ಷತ್ರದ ಹಾಗೆ ಸೀಳು ಬಿಟ್ಟಿರುತ್ತದೆ. ಇನ್ನೂ ನಂಬಿಕೆ ಬರದಿದ್ದರೆ ಒಂದು ತುಂಡಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತ ಮೇಲೆ ಅದು ಸೌದೆ.

ಮರ ಯಾವುದು ಅನ್ನುವ ಚರ್ಚೆಗೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಒಣಗಿದ ಮೇಲೆ ಕಿಲೋ ಲೆಕ್ಕದಲ್ಲಿ ಸಿಲ್ವರ್ ಆಗಲಿ, ಕಾಫಿ ಬುಡವಾಗಲಿ ಕೊಡುವ ಶಾಖ ಹೆಚ್ಚು ಕಡಿಮೆ ಒಂದೇ. ಕಾಫಿ ಬುಡ ಗಟ್ಟಿ, ನಿಧಾನ ಉರಿದು ಒಳ್ಳೆ ಕೆಂಡ ಕೊಡುತ್ತದೆ. ಸಿಲ್ವರ್ ಬೇಗ ಹತ್ತಿ ಬೇಗ ಮುಗಿಯುತ್ತದೆ. ಹಾಲುವಾಣ ಅಂತೂ ಬೆಂಡಿನ ಹಾಗೆ. ಮೋಸ ಆಗುವುದು ಲೋಡ್ ಲೆಕ್ಕದಲ್ಲಿ ಕೊಂಡಾಗ. ಹಗುರ ಮರದ ಲೋಡ್ ನೋಡಲು ಅಷ್ಟೇ ಎತ್ತರ, ತೂಕ ಅರ್ಧ. ನನಗೂ ಹೀಗೇ ಒಮ್ಮೆ ಆಗಿದೆ. ಮೇಲಿನ ಎರಡು ಸಾಲು ಒಣಗಿದ ಕಾಫಿ ಬುಡ, ಕೆಳಗೆಲ್ಲ ಹಸಿ ಹಾಲುವಾಣ. ಇಳಿಸಿ ಗಾಡಿ ಹೋದ ಮೇಲೆ ಗೊತ್ತಾಯಿತು. ಇಷ್ಟು ವರ್ಷ ಒಲೆ, ಉರುವಲು ಅಂತಲೇ ಓಡಾಡಿದವನಿಗೆ!

ಈಗ ಬಚ್ಚಲಿಗೆ ಬನ್ನಿ. ನಾಲ್ಕು ಜನರ ಸ್ನಾನಕ್ಕೆ, ತಲೆಗೆ 15 ಲೀಟರ್ ಅಂದರೂ, ಒಟ್ಟು 60 ಲೀಟರ್ ಬೆಚ್ಚಗಿನ ನೀರು. 20 ಡಿಗ್ರಿಯಿಂದ 40ಕ್ಕೆ ಏರಿಸಲು ಒಂದೂವರೆ ಯೂನಿಟ್ ಶಾಖ ಸಾಕು. ಆದರೆ ಹಂಡೆ ತುಂಬಾ ನೀರು ಕುದಿ ಬರುವ ತನಕ ಕಾಯಿಸುತ್ತೇವೆ, ತಣ್ಣೀರು ಬೆರೆಸುತ್ತೇವೆ, ಉಳಿದದ್ದು ರಾತ್ರಿಯೊಳಗೆ ಆರಿ ಹೋಗುತ್ತದೆ. ಮುಚ್ಚಳ ಇಲ್ಲದ ಹಂಡೆ ಎಷ್ಟು ಮನೆಯಲ್ಲಿಲ್ಲ!

ಮೂರು ಉರುವಲನ್ನೂ ಒಂದೇ ತಕ್ಕಡಿಗೆ ಹಾಕೋಣ. ದರ ಬದಲಾಗುತ್ತಿರುತ್ತದೆ, ಹಾಗಾಗಿ ಸುಮ್ನೆ ಲೆಕ್ಕಕ್ಕೆ ಕರೆಂಟು ಯೂನಿಟ್‌ಗೆ 7 ರೂಪಾಯಿ, ಸಿಲಿಂಡರ್ ಮನೆಗೆ ತಂದು ಇಳಿಸುವಾಗ 900 ರೂಪಾಯಿ ಅಂತ ಹಿಡಿಯುತ್ತೇನೆ. ನೀವು ನಿಮ್ಮ ಬಿಲ್ ನೋಡಿ ತಿದ್ದಿಕೊಳ್ಳಿ. ಕರೆಂಟು ಗೀಸರ್‌ನಲ್ಲಿ ಶಾಖ ಬಹುಪಾಲು ನೀರಿಗೇ ಹೋಗುತ್ತದೆ, ಯೂನಿಟ್‌ಗೆ ಏಳೂವರೆ ರೂಪಾಯಿ ಬೀಳಬಹುದು. ಗ್ಯಾಸ್ ಗೀಸರ್‌ನಲ್ಲಿ ಐದರಲ್ಲಿ ಒಂದು ಪಾಲು ನಷ್ಟ, ಆರೂಕಾಲು ರೂಪಾಯಿ. ಅಡುಗೆ ಒಲೆ ಮೇಲೆ ಪಾತ್ರೆಯಿಟ್ಟು ಸ್ನಾನದ ನೀರು ಕಾಯಿಸಿದರೆ ಎಂಟು ರೂಪಾಯಿ ದಾಟುತ್ತದೆ. ನಿಮ್ಮ ಸಿಲಿಂಡರ್ ಬೇಗ ಮುಗಿದದ್ದು ಇದಕ್ಕೇ ಇರಬಹುದು.

ಸೌದೆ? ಹಳೇ ಮಾದರಿ ಬಚ್ಚಲ ಒಲೆಯಲ್ಲಿ ನೂರರಲ್ಲಿ 15 ಪಾಲು ಶಾಖ ನೀರಿಗೆ ಸೇರಿದರೆ ದೊಡ್ಡದು. 4,500 ರೂಪಾಯಿಯ ಆ ಹಸಿ ಲೋಡ್ ಸುಟ್ಟಾಗ ನೀರಿಗೆ ಸೇರಿದ ಪ್ರತಿ ಯೂನಿಟ್‌ಗೆ 20 ರೂಪಾಯಿ ಆಸುಪಾಸು ಬಿದ್ದಿದೆ. ಅದೇ ಲೋಡ್ ಒಣಗಿಸಿ ಸುಟ್ಟಿದ್ದರೆ 15. ಒಣ ಸೌದೆ ಜೊತೆಗೆ ಒಲೆಯನ್ನೂ ಸರಿಮಾಡಿ 30 ಪಾಲು ನೀರಿಗೆ ಮುಟ್ಟಿಸಿದರೆ ಏಳೂವರೆ, ಅಂದರೆ ಕರೆಂಟಿಗೆ ಸಮ. ಸೌದೆ ಅಂದರೆ ಅಗ್ಗ ಅನ್ನುವುದು ಸ್ವಂತ ತೋಟ ಇದ್ದವರ ಮಾತು. ಕೊಂಡು ಉರಿಸುವವರಿಗೆ ಹಸಿ ಸೌದೆಗಿಂತ ದುಬಾರಿ ಉರುವಲು ಇನ್ನೊಂದಿಲ್ಲ.

ಹಾಗಂತ ಬಚ್ಚಲ ಒಲೆ ಕೆಡವಬೇಡಿ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ನಿಮ್ಮ ಕಡೆ ಎಷ್ಟು ದಿನ ಕತ್ತಲೆ ಅಂತ ನಾನು ಹೇಳಬೇಕಾಗಿಲ್ಲ. ಒಲೆ ಇರಲಿ, ಸರಿಮಾಡಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ವಿಭಾಗದವರು ಕಡಿಮೆ ಸೌದೆಯ ಒಲೆ ಮಾಡಿದ್ದು ಹಳಬರಿಗೆ ನೆನಪಿರಬಹುದು. ಹಳ್ಳಿಗಳಲ್ಲಿ ಅಸ್ತ್ರ ಒಲೆ ಅಂತಲೇ ಹೆಸರಾಯಿತು. ಅದರ ಗುಟ್ಟು ದೊಡ್ಡದೇನಲ್ಲ. ಸೌದೆಯ ಅಡಿಯಲ್ಲಿ ಕಬ್ಬಿಣದ ಜಾಲರಿ, ಅದರಿಂದ ಗಾಳಿ ಕೆಳಗಿನಿಂದ ಬರುತ್ತದೆ. ಬಾಯಿಗೆ ಬಾಗಿಲು, ಬೇಡದ ತಣ್ಣನೆ ಗಾಳಿ ನುಗ್ಗುವುದಿಲ್ಲ. ಹೊಗೆ ಹೋಗಲು ಚಿಮಣಿ. ಮುಖ್ಯವಾದದ್ದು, ಬಿಸಿ ಹೊಗೆ ಪಾತ್ರೆಯನ್ನು ಒತ್ತಿಕೊಂಡೇ ಸಾಗಬೇಕು. ನಿಮ್ಮ ಹಂಡೆಗೂ ಗೋಡೆಗೂ ನಡುವೆ ಕೈ ಹೋಗುವಷ್ಟು ಸಂದಿ ಇದ್ದರೆ ಶಾಖವೆಲ್ಲ ಅಲ್ಲಿಂದ ನೇರ ಚಿಮಣಿಗೆ. ಎರಡು ಬೆರಳಿನಷ್ಟು ಸಂದಿ ಸಾಕು. ಒಬ್ಬ ಒಳ್ಳೆ ಮೇಸ್ತ್ರಿ ಒಂದೇ ದಿನದಲ್ಲಿ ಇದನ್ನು ಕಟ್ಟುತ್ತಾನೆ. ಹಂಡೆಯ ತಳದ ಮಸಿ ತಿಂಗಳಿಗೊಮ್ಮೆ ಕೆರೆಯಿರಿ. ಮಸಿ ಶಾಖವನ್ನು ಒಳಗೆ ಬಿಡುವುದಿಲ್ಲ. ನಡುವೆ ಹೊಗೆ ಕೊಳವೆ ಇರುವ ತಾಮ್ರದ ಬಾಯ್ಲರ್ ಯಾರಾದರೂ ಹಳೆಯದು ಮಾರಿದರೆ ಹಂಡೆಗಿಂತ ಅದೇ ಮೇಲು.

ಹತ್ತಿರ ಮರದ ಮಿಲ್ ಇದ್ದರೆ ಹೊಟ್ಟಿನ ಒಲೆಯನ್ನೂ ನೆನಪು ಮಾಡಿಕೊಳ್ಳಿ. ಡಬ್ಬದ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಮರದ ಹೊಟ್ಟು ಗಟ್ಟಿಯಾಗಿ ತುಂಬಿ, ಬಾಟಲಿ ಎಳೆದು, ಕೆಳಗಿನ ತೂತಿನಿಂದ ಹಚ್ಚುವುದು. ಊದುವ ಕೆಲಸವಿಲ್ಲದೆ ಗಂಟೆಗಟ್ಟಲೆ ಉರಿಯುತ್ತದೆ. ಹೊಟ್ಟು ಒಣಗಿರಬೇಕು, ಮತ್ತೆ ಅದೇ ಮಾತು.

ಇನ್ನು ಬಟ್ಟೆ. ನಿಮ್ಮ ಪತ್ರ ಓದಿದಾಗ ಹೊಟ್ಟೆ ಉರಿದದ್ದು ಇಲ್ಲಿ. ನಿಮ್ಮ ಮನೆಯ ಒಂದು ದಿನದ ಬಟ್ಟೆ, ಕೈಯಲ್ಲಿ ಹಿಂಡಿದ್ದಾದರೆ, ಸುಲಭವಾಗಿ 3 ಲೀಟರ್ ನೀರು ಹಿಡಿದಿರುತ್ತದೆ. ಅದಕ್ಕೆ ಎರಡು ಯೂನಿಟ್ ಶಾಖ ಸಾಕಿತ್ತು. 2,000 ವ್ಯಾಟ್ ಹೀಟರ್ ಮೂರು ಗಂಟೆ ಅಂದರೆ ಆರು ಯೂನಿಟ್. ಉಳಿದ ನಾಲ್ಕು ಹೆಂಚಿನ ಮೇಲೆ ಕೂತ ಗುಬ್ಬಿಗೆ. ಆ ಎರಡಾದರೂ ಉಪಯೋಗವಾಯಿತಾ? ಬಟ್ಟೆಯಿಂದ ಎದ್ದ ಆವಿ ಅದೇ ಕೋಣೆಯ ತಣ್ಣನೆ ಗೋಡೆಗೆ ಹೋಗಿ ಕೂತಿತು. ಬೆಳಿಗ್ಗೆ ಬೂಸಲು. ಮನೆ ಬೆಚ್ಚಗಾಗದ ಕಾರಣ ಇದೇ.

ಮೊದಲ ಕೆಲಸ, ವಾಷಿಂಗ್ ಮೆಷಿನ್ ಇದ್ದರೆ ಬಟ್ಟೆಯನ್ನು ಎರಡು ಸಲ ಸ್ಪಿನ್ ಮಾಡಿ. ಕೈಯಲ್ಲಿ ಒಗೆದದ್ದನ್ನೂ ಸ್ಪಿನ್ನರ್‌ಗೆ ಹಾಕಿ. ಒಂದು ಸ್ಪಿನ್‌ಗೆ ಯೂನಿಟ್‌ನ ಹತ್ತರಲ್ಲಿ ಒಂದು ಪಾಲೂ ಬೇಡ, ತೆಗೆಯುವ ನೀರು ಲೀಟರ್‌ಗಟ್ಟಲೆ. ನೀರನ್ನು ತಿರುಗಿಸಿ ಚೆಲ್ಲುವುದು ಆವಿ ಮಾಡುವುದಕ್ಕಿಂತ ಎಷ್ಟೋ ಅಗ್ಗ. ಆಮೇಲೆ ಮನೆಯಲ್ಲಿ ಅತಿ ಚಿಕ್ಕ ಕೋಣೆ ಒಂದನ್ನು ಬಟ್ಟೆಗೆ ಅಂತ ಬಿಟ್ಟುಬಿಡಿ. ಆರ್‌ಸಿಸಿ ಕಡೆಯದು, ಏಕೆಂದರೆ ಹೆಂಚಿನ ಕೋಣೆ ಮುಚ್ಚಲು ಬರುವುದಿಲ್ಲ. ಬಾಗಿಲು ಕಿಟಕಿ ಹಾಕಿ ಡಿಹ್ಯುಮಿಡಿಫೈಯರ್ ಇಡಿ, ಒಂದು ಫ್ಯಾನ್ ಬಿಡಿ. ಈ ಯಂತ್ರ ಗಾಳಿಯಿಂದ ನೀರನ್ನು ಹಿಂಡಿ ಡಬ್ಬಕ್ಕೆ ಇಳಿಸುತ್ತದೆ. ನಮ್ಮ ಮಳೆಗಾಲದ ಹವೆಯಲ್ಲಿ ಒಂದು ಯೂನಿಟ್‌ಗೆ ಒಂದೂವರೆಯಿಂದ ಎರಡು ಲೀಟರ್ ತೆಗೆಯಬಹುದು. ಆವಿ ನೀರಾಗುವಾಗ ಬಿಡುವ ಶಾಖವೂ ಕೋಣೆಗೇ ಸೇರುತ್ತದೆ. ಬೆಲೆ ಕಡಿಮೆಯೇನಲ್ಲ. ಆದರೆ ನಿಮ್ಮಂಥ ಮನೆಗೆ ನಾನು ಒಂದೇ ಒಂದು ಯಂತ್ರ ಹೇಳುವುದಾದರೆ ಇದೇ. ಮಳೆ ಬಿಡದ ದಿನ ರಾತ್ರಿ ಮಾವನವರ ಕೋಣೆಗೂ ಎರಡು ಗಂಟೆ ತಳ್ಳಿಕೊಂಡು ಹೋಗಬಹುದು.

ಗೃಹಜ್ಯೋತಿ ಲೆಕ್ಕವನ್ನೂ ಇಲ್ಲೇ ಮುಗಿಸೋಣ. 2022-23ರ ನಿಮ್ಮ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ, ಅಷ್ಟು ಉಚಿತ. ಅದನ್ನು ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಮೊದಲ ಯೂನಿಟ್‌ನಿಂದ ಪೂರ್ತಿ ಬಿಲ್. ಮಾಮೂಲಿ ತಿಂಗಳಲ್ಲಿ ನಿಮಗೆ 70 ಯೂನಿಟ್ ಬೀಳುತ್ತದೆ ಅಂತ ಇಟ್ಟುಕೊಳ್ಳಿ. ಹೀಟರ್ ದಿನಕ್ಕೆ ಆರು ಅಂದರೆ ತಿಂಗಳಿಗೆ 180, ಒಟ್ಟು 250. ನಿಮ್ಮ ಬಿಲ್‌ಗೆ ಸರಿಯಾಗಿ ತಾಳೆಯಾಗುತ್ತದೆ. ಅದರ ಬದಲು 300 ವ್ಯಾಟ್ ಡಿಹ್ಯುಮಿಡಿಫೈಯರ್ ದಿನಕ್ಕೆ ಆರು ಗಂಟೆ ಹಾಕಿದರೆ 54, ಕರೆಂಟು ಗೀಸರ್‌ಗೆ ದಿನಕ್ಕೆ ಎರಡರಂತೆ 60. ಒಟ್ಟು 184. ಎರಡನ್ನೂ ಬಳಸಿಯೂ ಗೆರೆಯೊಳಗೆ! ತುಂಬಾ ಹತ್ತಿರ ಅಂತ ಗೊತ್ತು. ಹಾಗಾಗಿ ಜುಲೈ, ಆಗಸ್ಟ್‌ನಲ್ಲಿ ಭಾನುವಾರಕ್ಕೊಮ್ಮೆ ಮೀಟರ್ ನೋಡಿ ಬರೆದಿಡಿ. ವಾರಕ್ಕೆ 45 ದಾಟುತ್ತಿದ್ದರೆ ಒಂದೆರಡು ದಿನ ಹಂಡೆಗೆ ಬೆಂಕಿ ಹಾಕಿ.

ಅಡುಗೆ ಗ್ಯಾಸ್ ಹಚ್ಚಿ ಅದರ ಮೇಲೆ ಸಾಕ್ಸ್ ಹಿಡಿಯುವ, ಕೋಣೆ ಬೆಚ್ಚಗೆ ಮಾಡುವ ಅಭ್ಯಾಸ ಇದ್ದರೆ ಬಿಡಿ. ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗೂ ಮೇಲೆ ನೀರಾವಿ ಹುಟ್ಟುತ್ತದೆ. ಒಣಗಿಸಲು ಹೋಗಿ ಒದ್ದೆ ಮಾಡಿದ ಹಾಗೆ.

ಇದಕ್ಕಿಂತ ಜೋರಾಗಿ ಹೇಳಬೇಕಾದದ್ದು ಕೆಂಡದ ಬಗ್ಗೆ. ಕೆಂಡದ ಮೇಲೆ ಬಿದಿರು ಬುಟ್ಟಿ ಕವುಚಿ ಬಟ್ಟೆ ಹರಡುವುದು, ಅಗ್ಗಿಷ್ಟಿಕೆ ಹಾಸಿಗೆ ಪಕ್ಕ ಇಡುವುದು ಹಳೇ ರೂಢಿ. ಹಳೇ ಮನೆಯಲ್ಲಿ ಹೆಂಚಿನ ಸಂದಿಯಿಂದ ಗಾಳಿ ಆಡುತ್ತಿತ್ತು, ನಡೆದುಹೋಯಿತು. ನಿಮ್ಮ ಆರ್‌ಸಿಸಿ ಕೋಣೆಯಲ್ಲಿ ಕಿಟಕಿ ಹಾಕಿ ಕೆಂಡ ಇಟ್ಟು ಮಲಗಿದರೆ ಬೆಳಿಗ್ಗೆ ಏಳದೇ ಇರಬಹುದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ. ಹೊಗೆ ಇಲ್ಲದ ಕೆಂಪು ಕೆಂಡವೇ ಹೆಚ್ಚು ಮೋಸ. ತಲೆನೋವು, ವಾಕರಿಕೆ, ಆಮೇಲೆ ನಿದ್ದೆ. ಚಿಕ್ಕವನಿದ್ದಾಗ ಕಾಫಿ ಗೋದಾಮಿನ ಕಾವಲಿಗೆ ಕೂತು ನನಗೇ ಹೀಗಾಗಿ, ಮೂತ್ರಕ್ಕೆ ಅಂತ ಎದ್ದು ಹೊರಗೆ ಬಂದದ್ದರಿಂದ ಉಳಿದೆ. ಮಲಗುವ ಕೋಣೆಗೆ ಕೆಂಡ ಬೇಡವೇ ಬೇಡ. ಗ್ಯಾಸ್ ಗೀಸರ್‌ಗೂ ಇದೇ ಮಾತು. ಹಾಕಿಸುವುದಾದರೆ ಯಂತ್ರ ಬಚ್ಚಲಿನ ಹೊರಗೆ, ಗಾಳಿ ಬೆಳಕಿನಲ್ಲಿ ಇರಲಿ. ಪೈಪ್ ಮಾತ್ರ ಒಳಗೆ. ಇನ್ನೊಂದು, ಅದಕ್ಕೆ ನೀರಿನ ಒತ್ತಡ ಬೇಕು. ಹೆಂಚಿನ ಮನೆಗಳಲ್ಲಿ ಟ್ಯಾಂಕ್ ಎತ್ತರ ಕಡಿಮೆ, ಎಷ್ಟೋ ಕಡೆ ಅದು ಹತ್ತುವುದೇ ಇಲ್ಲ. ಕೊಳ್ಳುವ ಮೊದಲು ಟ್ಯಾಂಕ್ ನೋಡಿ. ನಿಮಗೆ ಚಿಕ್ಕ ಕರೆಂಟು ಗೀಸರ್ ಮತ್ತು ಸರಿಮಾಡಿದ ಹಂಡೆ, ಎರಡು ಸಾಕು ಅನ್ನಿಸುತ್ತದೆ.

ಮಾವನವರ ವಿಷಯ. ಇಡೀ ಮನೆ ಬೆಚ್ಚಗೆ ಮಾಡುವ ಆಸೆ ಬಿಡಿ, ಅವರನ್ನು ಬೆಚ್ಚಗಿಡಿ. ಹೆಂಚಿನ ಕೆಳಗೆ ಎಷ್ಟು ಉರಿಸಿದರೂ ಮೇಲಕ್ಕೆ ಹೋಗುತ್ತದೆ. ಅವರ ಒಂದು ಕೋಣೆಗೆ ಮಾತ್ರ ಹಲಗೆಯದೋ ಬೇರೆಯದೋ ಸೀಲಿಂಗ್ ಮಾಡಿಸಿ. ಮಂಚವನ್ನು ಪಡುವಣ ಗೋಡೆಯಿಂದ ದೂರ ಎಳೆಯಿರಿ. ಮಳೆ ಹೊಡೆಯುವುದು ಆ ಕಡೆಯಿಂದ, ನೆಂದ ಗೋಡೆ ಒಣ ಗೋಡೆಗಿಂತ ಬೇಗ ಶಾಖ ಹೀರುತ್ತದೆ. ಆ ಗೋಡೆಗೆ ಹೊರಗಿನಿಂದ ಮೇ ತಿಂಗಳಲ್ಲೇ ಒಂದು ಅಡಿ ಬಿಟ್ಟು ಶೀಟ್ ಅಥವಾ ತಟ್ಟಿ ಕಟ್ಟಿಸಿ. ಗೋಡೆಗೆ ಹಾಕುವ ಯಾವ ಪೇಂಟ್‌ಗಿಂತಲೂ ಇದು ಅಗ್ಗ, ಕೆಲಸ ಮಾಡುತ್ತದೆ. ಕರೆಂಟು ಕಂಬಳಿ ಅಂತ ಸಿಗುತ್ತದೆ. ಒಬ್ಬರದು 100 ವ್ಯಾಟ್ ಒಳಗೇ. ಮಲಗುವ ಅರ್ಧ ಗಂಟೆ ಮೊದಲು ಹಾಕಿ ಹಾಸಿಗೆಯ ತೇವ ತೆಗೆದು, ಅವರು ಮಲಗುವಾಗ ಆರಿಸಿ. ಕಾಲ ಬಳಿ ಬಿಸಿನೀರಿನ ಚೀಲ ಇಟ್ಟರೆ ಬಟ್ಟೆ ಸುತ್ತಿ ಇಡಿ. ವಯಸ್ಸಾದವರ ಚರ್ಮಕ್ಕೆ ಬೇಗ ಸುಡುತ್ತದೆ, ಗೊತ್ತೂ ಆಗುವುದಿಲ್ಲ. ಬೆಳಿಗ್ಗೆ ಅವರು ಅಡುಗೆಮನೆ ಒಲೆ ಮುಂದೆ ಕಾಫಿ ಲೋಟ ಹಿಡಿದು ಕೂರುತ್ತಾರಾ? ಕೂರಲಿ. ಅಲ್ಲಿ ಹೊಗೆ ಹೋಗಲು ಚಿಮಣಿ ಇದೆಯಾ ನೋಡಿಕೊಳ್ಳಿ. ಆ ಸೌದೆಯನ್ನು ನಾನು ದಂಡ ಅಂತ ಲೆಕ್ಕ ಹಾಕುವುದಿಲ್ಲ.

ಕಿಟಕಿ ತೆರೆಯಬೇಕಾ ಮುಚ್ಚಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಮಳೆ ಹೊಡೆಯುವಾಗ, ಮಂಜು ಕವಿದಾಗ ಮುಚ್ಚಿ. ಬಿಡುವು ಕೊಟ್ಟು ಸ್ವಲ್ಪ ಬಿಸಿಲು ಇಣುಕಿತಾ, ಎಲ್ಲ ಬಿಟ್ಟು ಮೊದಲು ಕಿಟಕಿ ಬೀರು ಎಲ್ಲ ತೆರೆಯಿರಿ, ಅರ್ಧ ಗಂಟೆಯಾದರೂ.

ಸೋಲಾರ್ ನೀರಿನ ಹೀಟರ್ ಒಳ್ಳೆಯದೇ, ನವೆಂಬರ್‌ನಿಂದ ಮೇವರೆಗೆ. ಕುಶಾಲನಗರದ ಕಡೆಯವರು ಕೇಳಿದ್ದರೆ ಹಾಕಿಸಿ ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಗಾಳಿಬೀಡಿನಲ್ಲಿ ನಿಮಗೆ ಕಷ್ಟ ಇರುವ ತಿಂಗಳಲ್ಲಿ ಅದಕ್ಕೆ ಬಿಸಿಲೇ ಸಿಗದು. ಈ ವರ್ಷದ ದುಡ್ಡು ಅದಕ್ಕೆ ಬೇಡ. ಮೊದಲು ಸೌದೆ ಕೊಟ್ಟಿಗೆಗೆ ಒಂದು ಶೀಟ್, ಬಚ್ಚಲ ಒಲೆಗೆ ಒಂದು ಜಾಲರಿ. ಈಗ ಮಳೆ ಬಿಟ್ಟಿದೆ, ಸೌದೆಯವರಿಗೆ ಇಂದೇ ಫೋನ್ ಮಾಡಿ. ಲೋಡ್ ಲೆಕ್ಕ ಬೇಡ, ತೂಕಕ್ಕೆ ಕೊಡುತ್ತೀರಾ ಅಂತ ಕೇಳಿ. ಗಾಡಿ ಬಂದಾಗ ಮೇಲಿನ ಎರಡು ಸಾಲು ಎತ್ತಿಸಿ ಕೆಳಗೆ ನೋಡಿ.